ಸೈಜ್ ಒಂದೇ ಅಲ್ವಾ, ಮತ್ತೇನು ತೊಂದರೆ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಸರ್, ನಮಸ್ಕಾರ. ಪುಣೆಯಿಂದ ಒಂದು ಸೆಕೆಂಡ್ ಹ್ಯಾಂಡ್ ಆಡಿ ಟಿಟಿ ತಂದಿದ್ದೇನೆ. ನಾಲ್ಕೂ ಗಾಲಿಗೆ ಎಂಜಿನ್ ಬಲ ಹೋಗುವ ಕ್ವಾಟ್ರೊ ಕಾರು. ಮುಂದಿನ ಎರಡು ಟೈರ್ ಒಂದೇ ಕಂಪನಿಯವು, ಹೊಸವು, ಎರಡು ಸಾವಿರ ಕಿ.ಮೀ. ಓಡಿವೆ. ಹಿಂದೆ ಬಲಗಡೆ ಇರುವುದು ಬೇರೆ ಕಂಪನಿಯದು, ಚೆನ್ನಾಗಿ ಸವೆದಿದೆ. ಹಿಂದಿನ ಎಡಗಡೆಯದು ಗುಂಡಿಗೆ ಬಿದ್ದು ಒಡೆದಿತ್ತಂತೆ, ಅಲ್ಲಿಗೆ ಮೂರನೇ ಕಂಪನಿಯ ಟೈರ್ ಹಾಕಿದ್ದಾರೆ. ಎಲ್ಲದರ ಮೇಲೂ 245/40 ಆರ್18 ಎಂದೇ ಇದೆ. ಟೈರಿನ ಮೈಮೇಲಿನ ಗೀರಿನ ಆಳ ಅಳೆಸಿದೆ: ಮುಂದೆ 7.5 ಮಿ.ಮೀ., ಹಿಂದೆ ಬಲಕ್ಕೆ 3, ಎಡಕ್ಕೆ 5. ಹೋದ ವಾರ ಮಳೆಯಲ್ಲಿ ಜಾಂಬೋಟಿ ದಾಟಿ ಕಣಕುಂಬಿ ಕಡೆ ಹೋಗುವಾಗ ಒಂದು ತಿರುವಿನಲ್ಲಿ ಕಾರಿನ ಹಿಂಭಾಗ ಸರ್ರನೆ ಪಕ್ಕಕ್ಕೆ ಜಾರಿತು. ವೇಗ ಜಾಸ್ತಿ ಇರಲಿಲ್ಲ. ಗಾಳಿ ಸರಿಯಾಗಿದ್ದರೂ ಟೈರಿನ ಲೈಟ್ ಆಗಾಗ ಹತ್ತುತ್ತದೆ. ಪಾರ್ಕಿಂಗ್‌ನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಕಾರು ಎಳೆದು ಹಿಡಿದಂತೆ ನಡುಗುತ್ತದೆ. ಟೈರ್ ಅಂಗಡಿಯವರು ‘ಸೈಜ್ ಒಂದೇ ಇದೆ, ಏನೂ ಆಗಲ್ಲ’ ಎನ್ನುತ್ತಾರೆ. ಬಲಗಡೆಯ ಸವೆದ ಟೈರ್ ಒಂದನ್ನೇ ಬದಲಿಸಿದರೆ ಸಾಕಾ?
– ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ಮೊದಲಿಗೆ, ನೀವು ಕ್ಷೇಮವಾಗಿ ಮನೆ ಸೇರಿದ್ದು ದೊಡ್ಡದು. ನೀವು ಹೋಗಿದ್ದ ಆ ಚೋರ್ಲಾ ಘಾಟಿನ ರಸ್ತೆ ಮಳೆಗಾಲದಲ್ಲಿ ಹೇಗಿರುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಈ ಪತ್ರಕ್ಕೆ ಉತ್ತರ ಬರೆಯುವಷ್ಟರಲ್ಲಿ ನೀವು ಮತ್ತೆ ಆ ದಾರಿ ಹಿಡಿಯದೇ ಇರಲಿ ಎಂದೇ ನನ್ನ ಆಸೆ. ಒಂದು ಟೈರ್ ಬದಲಿಸಿದರೆ ಸಾಲದು. ಹಾಗಂತ ನಾಲ್ಕೂ ಬೇಕಿಲ್ಲ. ಎಷ್ಟು, ಯಾವುವು ಎಂದು ಮುಂದೆ ಹೇಳುತ್ತೇನೆ. ಅದಕ್ಕಿಂತ ಮುಂಚೆ ‘ಸೈಜ್ ಒಂದೇ’ ಅನ್ನುವ ಮಾತನ್ನು ನೋಡೋಣ.

245 ಅಂದರೆ ಟೈರಿನ ಅಗಲ, ಮಿ.ಮೀ. ಲೆಕ್ಕದಲ್ಲಿ. 40 ಅಂದರೆ ಟೈರಿನ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 40. 18 ಅಂದರೆ ರಿಮ್ಮಿನ ಇಂಚು. ಎಲ್ಲ ಕೂಡಿಸಿದರೆ ಟೈರಿನ ಒಟ್ಟು ಎತ್ತರ ಸುಮಾರು 653 ಮಿ.ಮೀ. ಆಗುತ್ತದೆ. ಇದು ಕಾಗದದ ಮೇಲಿನ ಲೆಕ್ಕ. ಬೇರೆ ಬೇರೆ ಕಂಪನಿಯ ಹೊಸ ಟೈರ್‌ಗಳನ್ನು ಅಳೆದರೆ, ಸೈಜ್ ಒಂದೇ ಇದ್ದರೂ ಎತ್ತರದಲ್ಲಿ ಕೆಲವು ಮಿ.ಮೀ. ಹೆಚ್ಚುಕಡಿಮೆ ಸಿಗುತ್ತದೆ. ಅದರ ಮೇಲೆ ಸವೆತ ಬೇರೆ. ಗೀರು 1 ಮಿ.ಮೀ. ಸವೆದರೆ ಟೈರಿನ ಸುತ್ತಳತೆ 6 ಮಿ.ಮೀ.ಗಿಂತ ತುಸು ಹೆಚ್ಚೇ ಕುಗ್ಗುತ್ತದೆ. ನಿಮ್ಮ ಮುಂದಿನ ಟೈರಿಗೂ ಹಿಂದಿನ ಬಲಗಡೆಯದಕ್ಕೂ 4.5 ಮಿ.ಮೀ. ಅಂತರ. ಅಂದರೆ ಸುತ್ತಳತೆಯಲ್ಲಿ ಸುಮಾರು 28 ಮಿ.ಮೀ. ಮುಂದಿನ ಗಾಲಿ ಒಂದು ಕಿ.ಮೀ.ಗೆ 488 ಸುತ್ತು ತಿರುಗಿದರೆ ಹಿಂದಿನದು 495 ಸುತ್ತು ತಿರುಗಬೇಕು. ಬೆಳಗಾವಿಯಿಂದ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಆ ಒಂದು ಗಾಲಿ ಸುಮಾರು 700 ಸುತ್ತು ಹೆಚ್ಚಿಗೆ ತಿರುಗಿರುತ್ತದೆ. ಟೈರಿನ ಒಳಗಿರುವ ಉಕ್ಕಿನ ಪಟ್ಟಿ ಗೀರು ಸವೆದರೂ ಕಿರಿದಾಗುವುದಿಲ್ಲ, ಆದ್ದರಿಂದ ರಸ್ತೆಯ ಮೇಲೆ ಈ ಅಂತರ ನನ್ನ ಲೆಕ್ಕಕ್ಕಿಂತ ಕಡಿಮೆಯೇ ಇರುತ್ತದೆ. ಆದರೂ ಇಲ್ಲದೇ ಹೋಗುವುದಿಲ್ಲ.

ಬರೀ ಮುಂದಿನ ಗಾಲಿಗೆ ಬಲ ಹೋಗುವ ಕಾರಿನಲ್ಲಿ ಇದರಿಂದ ಯಂತ್ರಕ್ಕೆ ಅಂಥ ಪೆಟ್ಟಿಲ್ಲ. ಹಿಂದಿನ ಗಾಲಿಗಳು ಸುಮ್ನೆ ಉರುಳುತ್ತವೆ, ಎಷ್ಟು ಬೇಕಾದರೂ ಸುತ್ತಲಿ. ನಿಮ್ಮ ಕಾರಿನಲ್ಲಿ ಹಾಗಲ್ಲ. ಎಂಜಿನ್ ಮುಂದಿದೆ. ಅಲ್ಲಿಂದ ಉದ್ದನೆಯ ಶಾಫ್ಟ್ ಹಿಂದಕ್ಕೆ ಹೋಗಿ, ಹಿಂದಿನ ಆ್ಯಕ್ಸಲ್ ಹತ್ತಿರ ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಪ್ಲೇಟ್‌ಗಳ ಒಂದು ಜೋಡಣೆಗೆ ಸೇರುತ್ತದೆ. ಹಾಲ್ಡೆಕ್ಸ್ ಎನ್ನುವುದು ಇದನ್ನೇ. ಕಂಪ್ಯೂಟರ್ ಹೇಳಿದಾಗ ಪ್ಲೇಟ್‌ಗಳು ಬಿಗಿಯಾಗುತ್ತವೆ, ಮುಂದಿನ ಮತ್ತು ಹಿಂದಿನ ಗಾಲಿಗಳು ಒಂದೇ ನೊಗಕ್ಕೆ ಕಟ್ಟಿದಂತಾಗುತ್ತವೆ. ನೊಗಕ್ಕೆ ಕಟ್ಟಿದ ಮೇಲೆ ಹೆಜ್ಜೆ ಒಂದೇ ಇರಬೇಕು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ನಿಮ್ಮ ಕಾರಿನ ಕೆಳಗೆ ಆಗುತ್ತಿರುವುದು ಅದೇ.

ಯಾವುದು ಏರಿಗೆ, ಯಾವುದು ನೀರಿಗೆ? ಇದು ಗೊತ್ತಾದರೆ ಆ ತಿರುವಿನಲ್ಲಿ ಆದದ್ದೂ ಗೊತ್ತಾಗುತ್ತದೆ. ಪ್ಲೇಟ್ ಬಿಗಿಯಾದಾಗ ಎರಡೂ ಕಡೆ ಒಂದೇ ವೇಗದಲ್ಲಿ ಸುತ್ತಬೇಕು. ದೊಡ್ಡ ಟೈರ್ ಅದೇ ಸುತ್ತಿನಲ್ಲಿ ಹೆಚ್ಚು ದೂರ ಹೋಗುತ್ತದೆ, ಆದ್ದರಿಂದ ಅದು ಕಾರನ್ನು ಎಳೆಯುತ್ತದೆ. ಚಿಕ್ಕ ಟೈರ್ ಇನ್ನೂ ಬೇಗ ಸುತ್ತಬೇಕಿತ್ತು, ಆದರೆ ಬಿಡುವವರಿಲ್ಲ. ಹಾಗಾಗಿ ಅದು ಬ್ರೇಕ್ ಹಾಕಿದ ಹಾಗೆ ತಡೆಯುತ್ತದೆ. ನಿಮ್ಮಲ್ಲಿ ದೊಡ್ಡವು ಮುಂದೆ, ಚಿಕ್ಕವು ಹಿಂದೆ. ಆ್ಯಕ್ಸಿಲರೇಟರ್ ಮೇಲೆ ಹಗುರವಾಗಿ ಕಾಲಿಟ್ಟು ತಿರುವಿನಲ್ಲಿ ಹೋಗುವಾಗ, ದೂಡಬೇಕಾದ ಹಿಂದಿನ ಗಾಲಿಗಳು ಹಿಂದಕ್ಕೆ ಜಗ್ಗುತ್ತಿರುತ್ತವೆ.

ಟೈರಿಗೆ ಇರುವ ಹಿಡಿತ ಜೇಬಿನ ದುಡ್ಡಿದ್ದಂತೆ. ಎಳೆಯುವುದಕ್ಕೋ ತಡೆಯುವುದಕ್ಕೋ ಖರ್ಚು ಮಾಡಿದ್ದು ಪಕ್ಕಕ್ಕೆ ಜಾರದಂತೆ ಹಿಡಿಯಲು ಉಳಿಯುವುದಿಲ್ಲ. ನಿಮ್ಮ ಹಿಂದಿನ ಟೈರ್‌ಗಳ ಜೇಬು ಮೊದಲೇ ಸಣ್ಣದು. 3 ಮಿ.ಮೀ. ಗೀರು ಜೋರು ಮಳೆಯ ನೀರನ್ನು ಹೊರಕ್ಕೆ ತಳ್ಳಲು ಒದ್ದಾಡುತ್ತದೆ, ಟೈರ್ ನೀರಿನ ಮೇಲೆ ತೇಲಲು ಶುರುಮಾಡುತ್ತದೆ. ಕಾನೂನಿನ ಪ್ರಕಾರ 1.6 ಮಿ.ಮೀ.ವರೆಗೆ ಓಡಿಸಬಹುದು ನಿಜ. ಆದರೆ ಘಾಟಿನ ಮಳೆಗೆ ಆ ಕಾನೂನು ಸಾಲದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇದರ ಜೊತೆಗೆ ಆ ತಡೆಯುವ ಖರ್ಚು. ಮುಂದಿನ ಹೊಸ ಟೈರ್‌ಗಳು ಗಟ್ಟಿಯಾಗಿ ಹಿಡಿದವು, ಹಿಂದಿನವು ಬಿಟ್ಟವು. ಹಿಂಭಾಗ ಸರಿಯಿತು. ಆಗ ಗಾಬರಿಯಿಂದ ಆ್ಯಕ್ಸಿಲರೇಟರ್ ಬಿಟ್ಟಿದ್ದರೆ ಇನ್ನೂ ಜಾರುತ್ತಿತ್ತು, ಯಾಕೆಂದರೆ ಭಾರ ಮುಂದಕ್ಕೆ ಬಂದು ಹಿಂದೆ ಮತ್ತಷ್ಟು ಹಗುರವಾಗುತ್ತದೆ.

ಜೋರಾಗಿ ಆ್ಯಕ್ಸಿಲರೇಟರ್ ಒತ್ತಿದರೆ? ಮುಂದಿನ ಗಾಲಿ ಮೊದಲು ಆ ಅಂತರದಷ್ಟು ಜಾರಿ ಮುಗಿಸಬೇಕು, ಆಮೇಲೆ ಹಿಂದಕ್ಕೆ ಬಲ ಸಿಗುತ್ತದೆ. ಬರುವಾಗ ತಡ, ಬಂದಾಗ ಒಮ್ಮೆಗೇ. ಕ್ವಾಟ್ರೊ ಕಾರಿಗೆ ದುಡ್ಡು ಕೊಟ್ಟವರು ಬಯಸುವ ನಯ ಅಲ್ಲೇ ಹೋಗಿಬಿಡುತ್ತದೆ.

ಸೈಜ್ ಬಿಟ್ಟು ಇನ್ನೊಂದು ವಿಷಯವಿದೆ, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಂದು ಕಂಪನಿಯ ಟೈರಿನ ಗೋಡೆ ಬಿರುಸು, ಇನ್ನೊಂದರದ್ದು ಮೆತ್ತಗೆ. ಸ್ಟೀರಿಂಗ್ ತಿರುಗಿಸಿದಾಗ ಬಿರುಸಾದ ಟೈರ್ ಕೂಡಲೇ ಮಾತು ಕೇಳುತ್ತದೆ, ಮೆತ್ತಗಿನದು ಮೊದಲು ಬಾಗಿ ಆಮೇಲೆ ಕೇಳುತ್ತದೆ. ಮೂರು ಕಂಪನಿಯ ಟೈರ್ ಇರುವ ಕಾರು ಎಡಕ್ಕೆ ಒಂದು ಥರ, ಬಲಕ್ಕೆ ಒಂದು ಥರ ತಿರುಗುತ್ತದೆ. ಜಾರುವುದನ್ನು ತಡೆಯುವ ಇಎಸ್‌ಸಿ ಕೂಡ ನಾಲ್ಕೂ ಗಾಲಿಯ ವೇಗ ನೋಡಿಯೇ ಕೆಲಸ ಮಾಡುತ್ತದೆ. ಸಣ್ಣ ಅಂತರವನ್ನು ಅದು ಸರಿದೂಗಿಸಿಕೊಳ್ಳುತ್ತದೆ, ಆದರೆ ಎಲ್ಲದಕ್ಕೂ ಮಿತಿ ಇದೆ.

ಟೈರಿನ ಲೈಟ್ ವಿಷಯ ಸುಲಭ. ಅನೇಕ ಕಾರುಗಳಲ್ಲಿ ಗಾಳಿ ಅಳೆಯುವ ಸೆನ್ಸರ್ ಗಾಲಿಯ ಒಳಗೆ ಇರುವುದೇ ಇಲ್ಲ. ಗಾಳಿ ಕಡಿಮೆಯಾದ ಟೈರ್ ಬೇಗ ಸುತ್ತುತ್ತದೆ, ಅದನ್ನು ನೋಡಿ ಕಂಪ್ಯೂಟರ್ ಲೈಟ್ ಹತ್ತಿಸುತ್ತದೆ. ನಿಮ್ಮ ಸವೆದ ಟೈರ್ ಅದಕ್ಕೆ ಗಾಳಿ ಇಳಿದ ಟೈರಿನ ಹಾಗೆ ಕಾಣುತ್ತಿರಬೇಕು.

ಪಾರ್ಕಿಂಗ್‌ನಲ್ಲಿ ನಡುಗುವುದಕ್ಕೆ ಟೈರ್ ನೇರ ಕಾರಣ ಅಲ್ಲ ಎಂದು ನನಗನಿಸುತ್ತದೆ. ಪೂರ್ತಿ ತಿರುಗಿಸಿದಾಗ ಮುಂದಿನ ಗಾಲಿಗಳು ದೊಡ್ಡ ಸುತ್ತು ಹಾಕುತ್ತವೆ, ಆಗ ಪ್ಲೇಟ್ ಸಡಿಲಾಗಬೇಕು. ಸಡಿಲಾಗದೆ ಹಿಡಿದು ಬಿಟ್ಟು ಮಾಡುತ್ತಿದ್ದರೆ ಎಣ್ಣೆ ಹಾಳಾಗಿದೆ ಇಲ್ಲವೇ ಪ್ಲೇಟ್ ಸುಟ್ಟಿದೆ ಎಂದರ್ಥ. ಹೊಂದದ ಟೈರ್ ಹಾಕಿ ತಿಂಗಳುಗಟ್ಟಲೆ ಓಡಿಸಿದರೆ ಪ್ಲೇಟ್‌ಗಳು ನೇರ ರಸ್ತೆಯಲ್ಲೂ ಉಜ್ಜುತ್ತಲೇ ಇರುತ್ತವೆ. ಹೀಗೆ ಓಡಿದ ಒಂದು ಕಾರಿನ ಜೋಡಣೆ ಬಿಚ್ಚಿದಾಗ ನಾನೇ ಹತ್ತಿರ ನಿಂತಿದ್ದೆ. ಎಣ್ಣೆ ಕಪ್ಪಗಾಗಿ ಸುಟ್ಟ ವಾಸನೆ ಬರುತ್ತಿತ್ತು. ಅದರ ಮಾಲೀಕರು ಎರಡು ಟೈರಿನ ದುಡ್ಡು ಉಳಿಸಲು ಹೋಗಿ ಅದರ ಹಲವು ಪಟ್ಟು ಕಳೆದುಕೊಂಡರು. ಪಾಪ, ಅವರಿಗೂ ‘ಸೈಜ್ ಒಂದೇ’ ಎಂದೇ ಹೇಳಿದ್ದರು.

ಈಗ ಏನು ಮಾಡಬೇಕು? ಹಿಂದಿನ ಎರಡೂ ತೆಗೆಯಿರಿ, 5 ಮಿ.ಮೀ. ಇರುವುದನ್ನೂ ಸೇರಿಸಿ. ಮುಂದೆ ಇರುವ ಅದೇ ಕಂಪನಿ, ಅದೇ ಮಾದರಿಯ ಎರಡು ಹೊಸ ಟೈರ್ ತನ್ನಿ. ಮುಂದಿನವು ಎರಡೇ ಸಾವಿರ ಕಿ.ಮೀ. ಓಡಿರುವುದರಿಂದ ಅಂತರ ಅರ್ಧ ಮಿ.ಮೀ. ಆಸುಪಾಸು ಉಳಿಯುತ್ತದೆ, ಅದು ನಡೆಯುತ್ತದೆ. ಹೊಸ ಜೋಡಿ ಹಿಂದೆಯೇ ಇರಲಿ. ಕೊಳ್ಳುವಾಗ ಮಾದರಿಯ ಹೆಸರಿನ ಜೊತೆ ಸೈಜಿನ ಪಕ್ಕದಲ್ಲಿರುವ ಭಾರದ ಅಂಕಿ (ಎಷ್ಟು ಭಾರ ಹೊರುತ್ತದೆ) ಮತ್ತು ವೇಗದ ಅಕ್ಷರವನ್ನೂ (ಎಷ್ಟು ವೇಗ ತಾಳುತ್ತದೆ) ಹೋಲಿಸಿ. ಗೋಡೆಯ ಮೇಲಿನ ನಾಲ್ಕು ಅಂಕಿಯ ತಾರೀಖು ನೋಡಿ: 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಅಂಗಡಿಯಲ್ಲಿ ವರ್ಷಗಟ್ಟಲೆ ಬಿಸಿಲಿಗೆ ಕೂತದ್ದು ಬೇಡ. ಹಾಕಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಿ, ಟೈರ್ ಲೈಟಿನ ಸೆಟ್ಟಿಂಗ್ ಹೊಸದಾಗಿ ಮಾಡಿಸಿ, ಹಾಲ್ಡೆಕ್ಸ್ ಎಣ್ಣೆ ಬದಲಿಸಿ. ಎಣ್ಣೆ ಬದಲಿಸಿದ ಮೇಲೂ ನಡುಕ ನಿಲ್ಲದಿದ್ದರೆ ಜೋಡಣೆ ಬಿಚ್ಚಿ ನೋಡಬೇಕಾಗುತ್ತದೆ. ಆಮೇಲೆ 8–10 ಸಾವಿರ ಕಿ.ಮೀ.ಗೊಮ್ಮೆ ಮುಂದಿನವನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿಸುತ್ತಿರಿ. ನಿಮ್ಮ ಕಾರಿನಲ್ಲಿ ನಾಲ್ಕೂ ಒಂದೇ ಸೈಜ್ ಆಗಿರುವುದರಿಂದ ಆ ಅನುಕೂಲ ಇದೆ.

ಎಷ್ಟು ಅಂತರ ನಡೆಯುತ್ತದೆ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಸುಬಾರು ಸುತ್ತಳತೆಯಲ್ಲಿ ಕಾಲು ಇಂಚು, ಅಂದರೆ 6 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು, ಅಷ್ಟೇ ಬಿಡುತ್ತದೆ. ನಿಮ್ಮ ಕಾರಿನ ಕೈಪಿಡಿ ತೆಗೆದು ಓದಿ. ಮನೆಯಲ್ಲೇ ಅಳೆಯಬೇಕೆಂದರೆ ಸೀಮೆಸುಣ್ಣದಿಂದ ಟೈರಿಗೂ ನೆಲಕ್ಕೂ ಗುರುತು ಹಾಕಿ, ಕಾರನ್ನು ನೇರವಾಗಿ ಹತ್ತು ಸುತ್ತು ದೂಡಿ, ಟೇಪಿನಲ್ಲಿ ಅಳೆಯಿರಿ. ನಾಲ್ಕಕ್ಕೂ ಮಾಡಿ. ಇಬ್ಬರು ಸಾಕು, ಅರ್ಧ ಗಂಟೆಯ ಕೆಲಸ.

ಪ್ರಶ್ನೆ: ನಿಸಾನ್ ಜಿಟಿ-ಆರ್ ಕಾರಿನಲ್ಲಿ ಮುಂದೆ ಒಂದು ಸೈಜ್, ಹಿಂದೆ ಒಂದು ಸೈಜ್ ಟೈರ್ ಇರುತ್ತದೆ. ಅದೂ ನಾಲ್ಕೂ ಗಾಲಿಗೆ ಬಲ ಹೋಗುವ ಕಾರೇ ಅಲ್ವಾ? ಅದಕ್ಕೆ ಹೇಗೆ ನಡೆಯುತ್ತದೆ?
– ಎಂಜಿನಿಯರಿಂಗ್ ವಿದ್ಯಾರ್ಥಿ, ವಿಜಯಪುರ

ಉತ್ತರ: ಒಳ್ಳೆಯ ಪ್ರಶ್ನೆ, ಲೆಕ್ಕ ಹಾಕಿದರೆ ಉತ್ತರ ತಾನೇ ಬರುತ್ತದೆ. 2016ರಲ್ಲಿ ನಮ್ಮ ದೇಶಕ್ಕೆ ಬಂದ ಜಿಟಿ-ಆರ್‌ಗೆ ಮುಂದೆ 255/40, ಹಿಂದೆ 285/35, ಎರಡೂ 20 ಇಂಚಿನ ರಿಮ್. ಅಗಲದಲ್ಲಿ 30 ಮಿ.ಮೀ. ಅಂತರ. ಆದರೆ ಎತ್ತರ ನೋಡಿ: ಮುಂದಿನದು 712, ಹಿಂದಿನದು 707.5 ಮಿ.ಮೀ. ಬರುವ ಅಂತರ ಶೇ 1ಕ್ಕಿಂತ ಕಡಿಮೆ. ಅದನ್ನೂ ಕಾರು ರೂಪಿಸುವಾಗಲೇ ಎಂಜಿನಿಯರ್‌ಗಳು ಲೆಕ್ಕಕ್ಕೆ ಹಿಡಿದಿರುತ್ತಾರೆ, ಕಂಪ್ಯೂಟರಿಗೂ ಅದು ಗೊತ್ತಿರುತ್ತದೆ. ಅಗಲ ಬೇರೆ ಇರುವುದು ತಪ್ಪಲ್ಲ. ಕಾರು ನಿರೀಕ್ಷಿಸದ ಎತ್ತರ ಇರುವುದು ತಪ್ಪು. ಜಿಟಿ-ಆರ್‌ನಲ್ಲೂ ಹಿಂದಿನವು ಪೂರ್ತಿ ಸವೆದು ಮುಂದಿನವು ಮಾತ್ರ ಹೊಸವಾದರೆ ಟಿಳಕವಾಡಿಯವರ ಕಥೆಯೇ ಆಗುತ್ತದೆ. ಜೊತೆಗೆ ಅಲ್ಲಿ ಮುಂದಿನದನ್ನು ಹಿಂದಕ್ಕೆ ಹಾಕುವ ದಾರಿಯೂ ಇಲ್ಲ.

ಪ್ರಶ್ನೆ: ನನ್ನ ಫೋರ್ ಬೈ ಫೋರ್ ಥಾರ್‌ಗೆ ಹಿಂದೆ ಮಾತ್ರ ದೊಡ್ಡ ಗೀರಿನ ಆಲ್-ಟೆರೇನ್ ಟೈರ್ ಹಾಕಿದ್ದೇನೆ. ಕಬ್ಬಿನ ಹೊಲದ ಕೆಸರಿನಲ್ಲಿ ಹೋಗಬೇಕು. ತೊಂದರೆ ಇದೆಯಾ?
– ರೈತರು, ಮುಧೋಳ, ಬಾಗಲಕೋಟೆ ಜಿಲ್ಲೆ

ಉತ್ತರ: ಯಜಮಾನರೇ, ನಿಮ್ಮ ಗಾಡಿಯಲ್ಲಿ ಫೋರ್ ಬೈ ಫೋರ್ ಬೇಕಾದಾಗ ಮಾತ್ರ ಹಾಕುವುದು. ಡಾಂಬರು ರಸ್ತೆಯಲ್ಲಿ 2ಎಚ್‌ನಲ್ಲಿ ಹೋಗುವಾಗ ಹಿಂದಿನ ಗಾಲಿಗಷ್ಟೇ ಬಲ ಹೋಗುತ್ತದೆ, ಟೈರ್ ಬೇರೆ ಬೇರೆ ಇದ್ದರೆ ಗೇರ್‌ಗಳಿಗೆ ಏನೂ ಆಗುವುದಿಲ್ಲ. 4ಎಚ್ ಹಾಕಿದಾಗ ಮುಂದಿನ, ಹಿಂದಿನ ಶಾಫ್ಟ್ ಎರಡೂ ಗಟ್ಟಿಯಾಗಿ ಕೂಡಿಬಿಡುತ್ತವೆ, ಎರಡನ್ನೂ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಡಿಫರೆನ್ಷಿಯಲ್ ನಡುವೆ ಇಲ್ಲ. ಕೆಸರಿನಲ್ಲಿ ಗಾಲಿ ತುಸು ಜಾರಿ ಆ ಜಗ್ಗಾಟ ಬಿಟ್ಟುಹೋಗುತ್ತದೆ. ಡಾಂಬರಿನಲ್ಲಿ ಬಿಟ್ಟುಹೋಗಲು ಜಾಗವಿಲ್ಲ. ಹೊಲದಿಂದ ರಸ್ತೆಗೆ ಹತ್ತಿದ ಕೂಡಲೇ 2ಎಚ್‌ಗೆ ತನ್ನಿ. ಲಿವರ್ ಬಿಗಿಯಾಗಿ ಬರದಿದ್ದರೆ ಜೋರಾಗಿ ಎಳೆಯಬೇಡಿ, ಗಾಡಿಯನ್ನು ನೇರವಾಗಿ ನಾಲ್ಕು ಮಾರು ಹಿಂದಕ್ಕೆ ಬಿಡಿ, ಸಡಿಲಾಗುತ್ತದೆ. ಮುಂದಿನ ಸಲ ದುಡ್ಡು ಕೂಡಿದಾಗ ಮುಂದಕ್ಕೂ ಅದೇ ಟೈರ್ ಹಾಕಿಸಿ. ಸ್ಟೀರಿಂಗ್ ತಿರುಗಿಸುವುದು ಮುಂದಿನ ಗಾಲಿ, ಕೆಸರಿನಲ್ಲಿ ದೊಡ್ಡ ಗೀರು ಅಲ್ಲಿಗೂ ಬೇಕು.