ಕಳ್ಳ ನೋಡುವುದು ರಜೆಯ ಪಟ್ಟಿಯನ್ನು

ಇಳಕಲ್ಲಿನ ಪತ್ತಿನ ಸೌಹಾರ್ದ ಸಹಕಾರಿಯೊಂದರ ಕಾರ್ಯದರ್ಶಿಗಳು ಬರೆದ ಪತ್ರದ ಸಾರ ಇಷ್ಟು: ಅವರದು 3 ಶಾಖೆ, 23 ಸಿಬ್ಬಂದಿಯ ಸಂಸ್ಥೆ. ದಸರೆಗೆ ಮೊದಲೇ ಎಲ್ಲರಿಗೂ ಸೈಬರ್ ಸುರಕ್ಷತೆಯ ತರಬೇತಿ ಕೊಡಿಸಬೇಕೆಂದು ಆಡಳಿತ ಮಂಡಳಿ ಠರಾವು ಮಾಡಿದೆ. ‘ಹಬ್ಬದ ಗದ್ದಲದಾಗ ಇದೊಂದು ಯಾಕ್ರಿ, ದೀಪಾವಳಿ ಮುಗದ ಮ್ಯಾಲ ನೋಡೋಣಲ್ಲ’ ಎಂದು ಸಿಬ್ಬಂದಿ ಗೊಣಗುತ್ತಿದ್ದಾರೆ. ತರಬೇತಿ ಕೊಡಲು ಒಪ್ಪಿದವರು, ದೀಪಾವಳಿ ಬೋನಸ್ಸಿನ ಹೆಸರಿನಲ್ಲಿ ಸುಳ್ಳು ಸಂದೇಶ ಕಳಿಸಿ ಯಾರು ಯಾರು ಬೀಳುತ್ತಾರೆಂದು ಪರೀಕ್ಷಿಸೋಣ ಎಂದಿದ್ದಾರೆ. ಎರಡರ ಬಗ್ಗೆಯೂ ನಮ್ಮ ಅಭಿಪ್ರಾಯ ಕೇಳಿದ್ದಾರೆ.

ಸಂಪಾದಕರ ಉತ್ತರ:

ಮಾನ್ಯರೇ, ತರಬೇತಿಯನ್ನು ಹಬ್ಬಕ್ಕೆ ಮೊದಲೇ ಮಾಡಿರಿ. ಬೋನಸ್ಸಿನ ಪರೀಕ್ಷೆ ಬೇಡ. ಎರಡಕ್ಕೂ ಕಾರಣ ಹೇಳುತ್ತೇನೆ.

2025ರ ಮೇ ತಿಂಗಳಲ್ಲಿ ನಮ್ಮ ಪಕ್ಕದ ವಿಜಯಪುರ ಜಿಲ್ಲೆಯ ಮನಗೂಳಿಯ ಬ್ಯಾಂಕ್ ಶಾಖೆಯಿಂದ 50 ಕಿಲೋಗೂ ಹೆಚ್ಚು ಚಿನ್ನ ಕಳುವಾದದ್ದು ನಿಮಗೆ ನೆನಪಿರಬಹುದು. ಕಳ್ಳರು ಆರಿಸಿಕೊಂಡದ್ದು ತಿಂಗಳ ನಾಲ್ಕನೇ ಶನಿವಾರ ಮತ್ತು ಅದರ ಬೆನ್ನಿಗಿದ್ದ ಭಾನುವಾರದ ರಜೆಯನ್ನು. ಕಂಪ್ಯೂಟರಿನ ಮೂಲಕ ಕದಿಯುವವನ ಲೆಕ್ಕಾಚಾರವೂ ಇದೇ. ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನಿಂದ ಸುಮಾರು 94 ಕೋಟಿ ರೂಪಾಯಿ ಹೋದಾಗ, ಹಲವು ದೇಶಗಳ ಎಟಿಎಂಗಳಲ್ಲಿ ಹಣ ತೆಗೆಯಲು ಆರಂಭಿಸಿದ್ದು 2018ರ ಆಗಸ್ಟ್ 11ರಂದು. ಅದು ಎರಡನೇ ಶನಿವಾರ. ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಖಾತೆಯಿಂದ 8.1 ಕೋಟಿ ಡಾಲರ್ ಹಾರಿಸಿದವರು ಮೂರು ದೇಶಗಳ ಪಂಚಾಂಗವನ್ನೇ ಮುಂದಿಟ್ಟುಕೊಂಡು ಕುಳಿತಿದ್ದರೆನ್ನಬೇಕು. 2016ರ ಫೆಬ್ರುವರಿ 4ರ ಗುರುವಾರ ರಾತ್ರಿ ಅವರು ಕೆಲಸ ಶುರು ಮಾಡಿದರು. ಢಾಕಾದಲ್ಲಿ ಶುಕ್ರವಾರ ಮತ್ತು ಶನಿವಾರ ವಾರದ ರಜೆ, ಖಾತೆಯಿದ್ದ ನ್ಯೂಯಾರ್ಕಿನಲ್ಲಿ ಶನಿವಾರ ಮತ್ತು ಭಾನುವಾರ, ಇನ್ನು ಹಣ ಹೋಗಿ ಸೇರಿದ್ದ ಮನಿಲಾದಲ್ಲಿ ಸೋಮವಾರ ಚೀನೀ ಹೊಸ ವರ್ಷದ ರಜೆ. ಹಣ ತಡೆಯಿರೆಂಬ ಸಂದೇಶ ಬಂದಾಗ ಅದನ್ನು ಓದಬೇಕಾದವರು ಹಬ್ಬದಲ್ಲಿದ್ದರು.

ನಿಮ್ಮ ಸಂಸ್ಥೆಗೆ ಇಂಥ ಅಂತರರಾಷ್ಟ್ರೀಯ ಕಳ್ಳರು ಬರಲಿಕ್ಕಿಲ್ಲ. ಆದರೆ ನವರಾತ್ರಿಯಲ್ಲಿ ನಿಮ್ಮ ಶಾಖೆಯೊಳಗೆ ಏನಾಗುತ್ತದೆ ಎಂಬುದನ್ನು ಒಮ್ಮೆ ಯೋಚಿಸಿ ನೋಡಿ. ವ್ಯವಸ್ಥಾಪಕರು ತುಳಜಾಪುರಕ್ಕೆ ಹೋಗಿರುತ್ತಾರೆ. ಹೋಗುವ ಮುನ್ನ ತಮ್ಮ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಗುಮಾಸ್ತರ ಕೈಗೆ ಕೊಟ್ಟಿರುತ್ತಾರೆ. ಒಬ್ಬರು ನಮೂದಿಸಬೇಕು, ಇನ್ನೊಬ್ಬರು ನೋಡಿ ಒಪ್ಪಿಗೆ ಕೊಡಬೇಕು ಎಂಬ ಶಿಸ್ತು ವರ್ಷವಿಡೀ ಇದ್ದದ್ದು, ಆ ಒಂದು ವಾರ ಒಬ್ಬನೇ ಮನುಷ್ಯ ಎರಡು ಬಾರಿ ಗುಂಡಿ ಒತ್ತುವ ಶಾಸ್ತ್ರವಾಗಿಬಿಡುತ್ತದೆ. ಸೀರೆ ವ್ಯಾಪಾರದ ಊರಾದ್ದರಿಂದ ಅದೇ ವಾರದಲ್ಲಿ ವಹಿವಾಟೂ ಜಾಸ್ತಿ. ನನ್ನ ಮಟ್ಟಿಗೆ ನಿಮ್ಮ ತರಬೇತಿಯ ಮೊದಲ ಪಾಠ ಕಂಪ್ಯೂಟರಿನದಲ್ಲ, ರಜೆಯ ಪಟ್ಟಿಯದು: ಯಾವ ದಿನ ಯಾರು ಇರುವುದಿಲ್ಲ, ಅವರ ಬದಲಿಗೆ ಒಪ್ಪಿಗೆ ಕೊಡುವವರು ಯಾರು, ಅವರಿಗೆ ಅವರದೇ ಪ್ರತ್ಯೇಕ ಲಾಗಿನ್ ಮಾಡಿಕೊಡಲಾಗಿದೆಯೇ, ಇಬ್ಬರೂ ಸಿಗದಿದ್ದರೆ ಎಷ್ಟು ಮೊತ್ತದ ಮೇಲಿನ ಪಾವತಿಯನ್ನು ಮರುದಿನಕ್ಕೆ ನಿಲ್ಲಿಸಬೇಕು. ಹಬ್ಬ ಮುಗಿದ ಮೇಲೆ ಈ ಪಾಠ ಹೇಳಿ ಏನೂ ಪ್ರಯೋಜನವಿಲ್ಲ.

ನಮ್ಮ ಕಚೇರಿಯ ಒಂದು ಪ್ರಸಂಗವನ್ನೂ ಹೇಳಬೇಕು. ಬೆಳಗಾವಿಯಲ್ಲಿ ದೀಪಾವಳಿ ವಿಶೇಷಾಂಕ ಅಚ್ಚಿಗೆ ಹೋಗಿದ್ದ ವಾರ ಅದು. ನಮ್ಮ ಲೆಕ್ಕಪತ್ರ ನೋಡಿಕೊಳ್ಳುವ ಹೆಣ್ಣುಮಗಳಿಗೆ ಮುದ್ರಣಾಲಯದ ಹೆಸರಿನಲ್ಲಿ ಒಂದು ಇಮೇಲ್ ಬಂತು: ಬ್ಯಾಂಕ್ ಖಾತೆ ಬದಲಾಗಿದೆ, ಕಾಗದದ ಬಾಕಿಯನ್ನು ಹೊಸ ಖಾತೆಗೆ ಇಂದೇ ಹಾಕಿದರೆ ಲಕ್ಷ್ಮೀಪೂಜೆಗೆ ಮೊದಲು ಪ್ರತಿಗಳನ್ನು ಕಳಿಸುತ್ತೇವೆ. ಬಾಕಿಯ ಮೊತ್ತ ಸರಿಯಾಗಿತ್ತು, ಬಿಲ್ಲಿನ ಸಂಖ್ಯೆಯೂ ಸರಿಯಾಗಿತ್ತು. ವಿಳಾಸದಲ್ಲಿ ಮಾತ್ರ ಇಂಗ್ಲಿಷಿನ ‘ಎಮ್’ ಅಕ್ಷರ ಇರಬೇಕಾದ ಕಡೆ ‘ಆರ್’ ಮತ್ತು ‘ಎನ್’ ಒತ್ತೊತ್ತಾಗಿ ಕುಳಿತಿದ್ದವು. ಕನ್ನಡಕ ಹಾಕಿಕೊಂಡರೂ ನನಗೆ ಅದು ‘ಎಮ್’ ಎಂದೇ ಕಂಡಿತು. ಆಕೆಗೂ ಅದು ಗೊತ್ತಾಗಿರಲಿಲ್ಲ. ಹಣ ಉಳಿದದ್ದು ಬೇರೆ ಕಾರಣಕ್ಕೆ. ಪ್ರೆಸ್ಸಿನವರೇ ಕೊಟ್ಟಿದ್ದ ಗೋಡೆ ಕ್ಯಾಲೆಂಡರು ಆಕೆಯ ಮೇಜಿನ ಎದುರಿಗಿತ್ತು. ಅದರಲ್ಲಿದ್ದ ಸ್ಥಿರ ದೂರವಾಣಿಗೆ ಫೋನ್ ಮಾಡಿ, ‘ಹೊಸಾ ಖಾತೆ ತಗದೀರಂತಲ್ಲ, ಯಾವ ಬ್ಯಾಂಕಿನಾಗ?’ ಎಂದು ಸಹಜವಾಗಿ ಕೇಳಿದಳು. ಆ ಕಡೆಯವರು ಯಾವ ಖಾತೆಯನ್ನೂ ತೆಗೆದಿರಲಿಲ್ಲ. ಇಮೇಲಿನ ಕೊನೆಯಲ್ಲಿ ಕೊಟ್ಟಿದ್ದ ಮೊಬೈಲ್ ಸಂಖ್ಯೆಗೆ ಮಾಡಿದ್ದರೆ ಕಳ್ಳನೇ ಎತ್ತಿ ‘ಹೌದ್ರಿ ಅಕ್ಕಾರ’ ಎನ್ನುತ್ತಿದ್ದ. ಅಂದಿನಿಂದ ಖಾತೆ ಬದಲಾವಣೆಯ ಯಾವ ಮಾತು ಬಂದರೂ, ಬಂದ ಪತ್ರದಲ್ಲಿರುವ ಸಂಖ್ಯೆಯನ್ನು ಬಿಟ್ಟು ನಮ್ಮಲ್ಲಿ ಮೊದಲಿನಿಂದ ಇರುವ ಸಂಖ್ಯೆಗೆ ಕರೆ ಮಾಡುವುದು ನಮ್ಮಲ್ಲಿ ನಿಯಮವಾಗಿದೆ. ನಿಮ್ಮವರಿಗೂ ಅಕ್ಷರ ಹುಡುಕುವ ವಿದ್ಯೆಗಿಂತ ಈ ಅಭ್ಯಾಸವನ್ನೇ ಕಲಿಸಿರಿ.

ಇನ್ನುಳಿದ ಪಾಠಗಳು ಹೆಚ್ಚಿಲ್ಲ. ವಿಜಯದಶಮಿಯ ದಿನ ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಎಂಬ ಶುಭಾಶಯಗಳು ವಾಟ್ಸ್‌ಆ್ಯಪಿಗೆ ನೂರಾರು ಬರುತ್ತವೆ. ಚಿತ್ರ ಚಿತ್ರವಾಗಿಯೇ ತೆರೆದುಕೊಳ್ಳುತ್ತದೆ. ಶುಭಾಶಯವೋ ಲಗ್ನಪತ್ರಿಕೆಯೋ ‘ಇನ್‌ಸ್ಟಾಲ್ ಮಾಡಿ’ ಎಂದು ಕೇಳಿದರೆ ಅದು ಎಪಿಕೆ ಕಡತ, ಅಂದರೆ ಫೋನಿನೊಳಗೆ ಕುಳಿತು ಒಟಿಪಿ ಸಂದೇಶಗಳನ್ನು ಓದಬಲ್ಲ ಆ್ಯಪ್. ಇದನ್ನು ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಒಂದು ಫೋನಿನಲ್ಲಿ ತೋರಿಸಿದರೆ ಒಳ್ಳೆಯದು. ಪಾರ್ಸೆಲ್ ಬಂದಿದೆ, ವಿಳಾಸ ಸರಿಪಡಿಸಲು 5 ರೂಪಾಯಿ ಕಟ್ಟಿ ಎಂಬಂಥ ಸಂದೇಶಗಳೂ ಇದೇ ಜಾತಿಯವು. ಬ್ಯಾಂಕುಗಳಾದರೋ ರಿಸರ್ವ್ ಬ್ಯಾಂಕಿನ ಸೂಚನೆಯಂತೆ ತಮ್ಮ ಜಾಲತಾಣಗಳನ್ನು ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಬದಲಿಸಿಕೊಳ್ಳಬೇಕಾಗಿತ್ತು. ಅದಕ್ಕೆ ಕೊಟ್ಟಿದ್ದ ಗಡುವು 2025ರ ಅಕ್ಟೋಬರ್ 31. ನಿಮ್ಮ ಸದಸ್ಯರು ಬಾಯಲ್ಲಿ ನಿಮ್ಮನ್ನೂ ಬ್ಯಾಂಕ್ ಎಂದೇ ಕರೆಯುತ್ತಾರಾದರೂ ಸೌಹಾರ್ದಕ್ಕೆ ಆ ವಿಳಾಸ ಇಲ್ಲ. ಆದ್ದರಿಂದ ಸಂಸ್ಥೆಯಿಂದ ಯಾವ ಸಂಖ್ಯೆಯಿಂದ ಕರೆ ಬರುತ್ತದೆ ಎಂಬುದನ್ನು ನೀವೇ ಪಾಸ್‌ಬುಕ್ಕಿನ ಮೇಲೆ ಅಚ್ಚು ಹಾಕಿಸಬೇಕಾಗುತ್ತದೆ.

ಈಗ ಬೋನಸ್ಸಿನ ಪರೀಕ್ಷೆಯ ವಿಷಯ. 2020ರ ಡಿಸೆಂಬರಿನಲ್ಲಿ, ಕೊರೊನಾ ಕಾಲದ ಕಷ್ಟದ ನಡುವೆ, ಅಮೆರಿಕದ ಗೋಡ್ಯಾಡಿ ಕಂಪನಿ ಇದನ್ನೇ ಮಾಡಿತು. 650 ಡಾಲರ್ ಹಬ್ಬದ ಬೋನಸ್ ಎಂಬ ಇಮೇಲ್ ನಂಬಿ ಸುಮಾರು 500 ನೌಕರರು ತಮ್ಮ ವಿವರ ತುಂಬಿದರು. ಎರಡು ದಿನ ಬಿಟ್ಟು ಅವರಿಗೆ ಬಂದದ್ದು, ನೀವು ಪರೀಕ್ಷೆಯಲ್ಲಿ ನಪಾಸು ಎಂಬ ಪತ್ರ. ಕೊನೆಗೆ ಕಂಪನಿಯೇ ಕ್ಷಮೆ ಕೇಳಬೇಕಾಯಿತು. ಬೋನಸ್ ಬರುತ್ತದೆಂದು ಮಕ್ಕಳಿಗೆ ಬಟ್ಟೆ ಆರಿಸಿಟ್ಟ ಗುಮಾಸ್ತನ ಮುಂದೆ ನೀವು ಯಾವ ಮುಖ ಇಟ್ಟುಕೊಂಡು ನಿಲ್ಲುತ್ತೀರಿ? ಸುಳ್ಳು ಸಂದೇಶಕ್ಕೆ ಬಿದ್ದವರಿಗೆ ಒಡನೆಯೇ ಪಾಠ ಹೇಳುವ ಪದ್ಧತಿಯೂ ನಾವು ಅಂದುಕೊಂಡಷ್ಟು ಫಲ ಕೊಡುವುದಿಲ್ಲ. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು ದೊಡ್ಡ ಕಂಪನಿಯೊಂದರ 14,000ಕ್ಕೂ ಹೆಚ್ಚು ನೌಕರರನ್ನು 15 ತಿಂಗಳು ಗಮನಿಸಿದಾಗ, ಅಂಥ ಪಾಠ ಓದಿದವರು ಮುಂದಿನ ಸಲ ಇನ್ನಷ್ಟು ಸುಲಭವಾಗಿ ಬಿದ್ದದ್ದು ಕಂಡುಬಂತು. ಅದೇ ಅಧ್ಯಯನದಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ಇನ್ನೊಂದು: ಅನುಮಾನ ಬಂದ ಇಮೇಲನ್ನು ಒಂದು ಗುಂಡಿ ಒತ್ತಿ ವರದಿ ಮಾಡುವ ಸೌಲಭ್ಯ. ನೌಕರರು ಅದನ್ನು ಬೇಸರವಿಲ್ಲದೆ ತಿಂಗಳುಗಟ್ಟಲೆ ಬಳಸಿದರು, ಕೆಲವರು ಕೆಲವೇ ನಿಮಿಷಗಳಲ್ಲಿ ಎಚ್ಚರಿಸಿದರು.

ನಿಮ್ಮಲ್ಲಿ ಗುಂಡಿ ಬೇಕಿಲ್ಲ, ಒಂದು ಫೋನ್ ಸಂಖ್ಯೆ ಸಾಕು. ಆದರೆ ಅದನ್ನು ಎತ್ತುವವರು ಬೈಯುವವರಾಗಿರಬಾರದು. ತಪ್ಪು ಒತ್ತಿದ ಹುಡುಗ ‘ಸಾಹೇಬರಿಗೆ ನಾಳೆ ಹೇಳೋಣ’ ಎಂದು ಮುಚ್ಚಿಟ್ಟ ಒಂದು ರಾತ್ರಿಯಲ್ಲಿ ಹಣ ನಾಲ್ಕಾರು ಖಾತೆ ದಾಟಿರುತ್ತದೆ. ತಕ್ಷಣ ಹೇಳಿದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಅದನ್ನು ನಡುವೆಯೇ ತಡೆಯುವ ಅವಕಾಶವಿರುತ್ತದೆ. ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ, ಗಂಭೀರ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಬಲಿಪಾಡ್ಯಮಿಯ ಬೆಳಿಗ್ಗೆ ಗಮನಕ್ಕೆ ಬಂದರೂ ಲೆಕ್ಕ ಆಗಲೇ ಶುರು. ಆ ದಿನ ಫೋನ್ ಎತ್ತುವ ಸರದಿ ಯಾರದೆಂದು ನೀವು, ಅಧ್ಯಕ್ಷರು ಮತ್ತು ಶಾಖೆಯ ಹಿರಿಯರು ಕೂತು ಈಗಲೇ ಬರೆದಿಡಿ.

ಒಂದು ಮಾತು ನಿಮ್ಮ ಪತ್ರದಲ್ಲಿ ಇರಲಿಲ್ಲ. 23 ಜನ ಎಂದು ಬರೆದಿದ್ದೀರಿ. ಪಿಗ್ಮಿ ಸಂಗ್ರಹಿಸುವವರನ್ನು ಅದರಲ್ಲಿ ಎಣಿಸಿದಂತಿಲ್ಲ. ಅವರು ಕಮಿಷನ್ ಮೇಲೆ ದುಡಿಯುವವರು, ಸಂಬಳದ ಪಟ್ಟಿಯಲ್ಲಿ ಇರುವುದಿಲ್ಲ, ಸರಿ. ಆದರೆ ಕಿರಾಣಿ ಅಂಗಡಿಯ ಅಜ್ಜ ತನಗೆ ಬಂದ ವಿಚಿತ್ರ ಸಂದೇಶವನ್ನು ಮೊದಲು ತೋರಿಸುವುದು ನಿಮ್ಮ ವ್ಯವಸ್ಥಾಪಕರಿಗಲ್ಲ, ದಿನವೂ ಬಾಗಿಲಿಗೆ ಬರುವ ಆ ಪಿಗ್ಮಿಯವನಿಗೆ. ಅವರು ಸಂಗ್ರಹ ಮುಗಿಸಿ ಹಣ ಕಟ್ಟಲು ಶಾಖೆಗೆ ಬರುವ ಸಂಜೆಯ ಹೊತ್ತಿಗೇ ತರಬೇತಿಯನ್ನು ಇಟ್ಟುಕೊಳ್ಳಿರಿ, ಮತ್ತು ಅವರಿಗೂ ಕುರ್ಚಿ ಹಾಕಿಸಿರಿ.