ಆರು ಕಿಲೋಮೀಟರ್ ಅಂದ್ರೆ ಯಾರಿಗೆ ಎಷ್ಟು ದೂರ?

ಓದುಗರ ಪತ್ರ: ಮಾನ್ಯ ಸಂಪಾದಕರೇ, ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಈಗ ಉಳಿದಿರುವುದು 41 ಮಕ್ಕಳು. ಇಬ್ಬರು ಮೇಷ್ಟ್ರು, ಒಬ್ಬರು ಅತಿಥಿ ಶಿಕ್ಷಕಿ. ಆರು ಕಿಲೋಮೀಟರ್ ಆಚೆ ಹೋಬಳಿ ಕೇಂದ್ರದಲ್ಲಿ ಸರ್ಕಾರದ್ದೇ ಕರ್ನಾಟಕ ಪಬ್ಲಿಕ್ ಶಾಲೆ ಇದೆ. ನಮ್ಮಲ್ಲಿರುವ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ಈ ವರ್ಷ ಅಲ್ಲಿಗೆ ಸೇರಿಸುತ್ತಾರಂತೆ. ಉಳಿದ ಮಕ್ಕಳನ್ನೂ ಆಮೇಲೆ ಕರೆದುಕೊಳ್ಳುತ್ತಾರಂತೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಪೋಷಕರು ಎರಡು ಪಾಲಾದರು. ಕೈ ಕೈ ಮಿಲಾಯಿಸುವುದೊಂದು ಬಾಕಿ ಇತ್ತು. ನಾನು ‘ಹೋಗಲಿ’ ಅನ್ನುವ ಕಡೆ. ಅಲ್ಲಿ ಕ್ಲಾಸಿಗೊಬ್ಬರು ಟೀಚರ್ ಇದ್ದಾರೆ, ಕಂಪ್ಯೂಟರ್ ಇದೆ. ನನ್ನ ಮಗಳನ್ನು ಬೈಕಲ್ಲಿ ಬಿಟ್ಟು ಬರಲು ನಾನು ರೆಡಿ. ಅಮೆರಿಕದಲ್ಲಿರುವ ನಮ್ಮಣ್ಣನ ಮಕ್ಕಳು ಹಳದಿ ಬಸ್ಸಲ್ಲಿ ದೂರದ ಶಾಲೆಗೆ ಹೋಗುತ್ತಾರೆ, ಅಲ್ಲಿ ಯಾರೂ ಗಲಾಟೆ ಮಾಡಿದ್ದು ಕೇಳಿಲ್ಲ. ನೀವು ಮಾತ್ರ ಪೇಟೆಯಲ್ಲಿ ಕೂತು ‘ಹಳ್ಳಿ ಶಾಲೆ ಉಳಿಸಿ’ ಅಂತ ಬರೀತಾನೇ ಇರ್ತೀರಿ. ಈ ಸ್ಥಳಾಂತರಕ್ಕೆ ಒಪ್ಪಿಗೆ ಕೊಡುವ ನಿರ್ಣಯಕ್ಕೆ ನಾನು ಸಹಿ ಹಾಕಿದರೆ ತಪ್ಪೇನು? — ಹೆಸರು ಬೇಡ ಅಂದಿರುವ ಓದುಗರು, ಶಿವಮೊಗ್ಗ ಜಿಲ್ಲೆ

ಸಂಪಾದಕರ ಉತ್ತರ: ನಿಮ್ಮ ಪತ್ರ ಓದಿದ ಕೂಡಲೇ ಆಫೀಸಿನಲ್ಲಿ ಎಲ್ಲರೂ ನನ್ನ ಮುಖ ನೋಡಿದರು. ಈ ವಿಷಯ ಸಿಕ್ಕಿದರೆ ಇವರು ಎರಡು ಪುಟ ತಿನ್ನುತ್ತಾರೆ ಅಂತ ಅವರಿಗೆ ಗೊತ್ತು. ತಿನ್ನಲಿ ಬಿಡಿ, ಅಡುಗೆ ಅಂಕಣ ಮುಂದಿನ ವಾರ ಓದಿಕೊಂಡರಾಯಿತು.

ಮೊದಲಿಗೆ, ನೀವು ಚೆನ್ನಾಗಿ ಬರೆದಿದ್ದೀರಿ. ಶಾಲೆಯ ವಿಷಯಕ್ಕೆ ಪತ್ರ ಬರೆಯುವ ಅಪ್ಪಂದಿರು ಕಡಿಮೆ. ನಿಮ್ಮ ಮಾತಿನಲ್ಲಿ ಹುರುಳೂ ಇದೆ. ಏಳು ತರಗತಿಗೆ ಇಬ್ಬರು ಮೇಷ್ಟ್ರು ಅಂದರೆ ಪಾಠ ಅಷ್ಟಕ್ಕಷ್ಟೇ. ಆರನೇ ಕ್ಲಾಸಿನ ಹುಡುಗನಿಗೆ ಗಣಿತಕ್ಕೊಬ್ಬರು, ವಿಜ್ಞಾನಕ್ಕೊಬ್ಬರು ಬೇಕು. 2018-19ರಲ್ಲಿ 176 ಕರ್ನಾಟಕ ಪಬ್ಲಿಕ್ ಶಾಲೆಗಳು ಶುರುವಾದಾಗ ನಾನೂ ಖುಷಿಪಟ್ಟವನೇ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಕಾಂಪೌಂಡು. ಚೆನ್ನಾಗಿ ನಡೆಯುವ ಕಡೆ ಸೀಟಿಗೆ ಜನ ಸಾಲು ನಿಲ್ಲುತ್ತಾರೆ. ಇಷ್ಟು ನಿಮ್ಮ ಕಡೆಗೆ ಆಯಿತಲ್ಲ?

ಈಗ ನಿಮ್ಮ ಬೈಕಿಗೆ ಬರೋಣ.

ನಿಮ್ಮಲ್ಲಿ ಬೈಕಿದೆ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಪುರುಸೊತ್ತಿದೆ. ಪೆಟ್ರೋಲ್ ಹಾಕಿಸಲು ಕೈಯಲ್ಲಿ ಕಾಸಿದೆ. ಆ 41 ಮಕ್ಕಳಲ್ಲಿ ಎಷ್ಟು ಜನರ ಅಪ್ಪಂದಿರಿಗೆ ಈ ಮೂರೂ ಇವೆ? ನೀವು ಅದನ್ನು ಬರೆದಿಲ್ಲ. ಸಭೆ ಎಷ್ಟು ಗಂಟೆಗೆ ಕರೆದಿದ್ದರು ಅಂತಲೂ ಬರೆದಿಲ್ಲ. ನಾನು ಊಹಿಸಿ ಹೇಳಲಾ? ಕೆಲಸದ ದಿನ, ಹನ್ನೊಂದು ಗಂಟೆ. ಅಡಿಕೆ ಕೊಯ್ಲಿನ ಕಾಲದಲ್ಲಿ ಆ ಹೊತ್ತಿಗೆ ಸಭೆಗೆ ಬರುವವರು ಯಾರು? ಕೂಲಿ ತಪ್ಪಿದರೂ ಅನ್ನ ತಪ್ಪದವರು. ಅಡಿಕೆ ಸುಲಿಯಲು ಹೋದ ತಾಯಂದಿರು ಬರುವುದಿಲ್ಲ. ಅವರ ಮಕ್ಕಳ ವಿಷಯ ಅವರಿಲ್ಲದೆ ತೀರ್ಮಾನ ಆಗುತ್ತದೆ. ಆಮೇಲೆ ಸಭೆಯ ನಡಾವಳಿ ಪುಸ್ತಕ ಮನೆಗೆ ಬರುತ್ತದೆ, ಹೆಬ್ಬೆಟ್ಟೋ ಸಹಿಯೋ ಹಾಕಿಸಿಕೊಂಡು ಹೋಗುತ್ತದೆ. ಎಸ್‌ಡಿಎಂಸಿ ಅನ್ನುವುದು ಹುಟ್ಟಿದ್ದು ಇದಕ್ಕಲ್ಲ. ವಿಜ್ಞಾನಿ ರಾಜಾ ರಾಮಣ್ಣ ಅವರ ನೇತೃತ್ವದ ಕಾರ್ಯಪಡೆ ಹೇಳಿತು ಅಂತ 2001ರಲ್ಲಿ ಈ ಸಮಿತಿಗಳನ್ನು ಮಾಡಿದರು. ಶಾಲೆ ಪೋಷಕರ ಕೈಯಲ್ಲಿರಲಿ ಅನ್ನುವುದು ಆಸೆಯಾಗಿತ್ತು. ಇವತ್ತು ಬಹಳ ಕಡೆ ಅದು ಸ್ವಾತಂತ್ರ್ಯ ದಿನಕ್ಕೆ ಲಾಡು ಹಂಚುವ ಸಮಿತಿ.

ದೂರದ ಲೆಕ್ಕ ನೋಡಿ. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಯಾದದ್ದು 2010ರ ಏಪ್ರಿಲ್ 1ಕ್ಕೆ. ಒಂದರಿಂದ ಐದನೇ ತರಗತಿಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು, ಆರರಿಂದ ಎಂಟಕ್ಕೆ ಮೂರು ಕಿಲೋಮೀಟರ್ ಒಳಗೆ ಅನ್ನುವುದು ಅದರ ಹಿಂದಿನ ಎಣಿಕೆ. ಈ ಅಂಕಿಯನ್ನು ಯಾರೋ ಸುಮ್ನೆ ಬರೆದದ್ದಲ್ಲ. ಆರು ವರ್ಷದ ಮಗು ಬ್ಯಾಗ್ ಹೊತ್ತು ಎಷ್ಟು ನಡೆದೀತು ಅಂತ ನೋಡಿ ಬರೆದದ್ದು. ನಿಮ್ಮ ಆರು ಕಿಲೋಮೀಟರ್ ಅದರ ಆರು ಪಟ್ಟು.

ಅದೂ ಯಾವ ಆರು? ಆಫೀಸಿನಲ್ಲಿ ಮ್ಯಾಪ್ ಮೇಲೆ ಅಳೆಯುವವರಿಗೆ ಹಳ್ಳ ಕಾಣುವುದಿಲ್ಲ. ನಿಮ್ಮದು ಮಲೆನಾಡು, ನಿಮಗೆ ನಾನು ಹೇಳಬೇಕಾ? ಜೂನ್‌ನಲ್ಲಿ ಶಾಲೆ ಶುರು, ಜೂನ್‌ನಲ್ಲೇ ಮಳೆಯೂ ಶುರು. 2022ರ ಆಗಸ್ಟ್‌ನಲ್ಲಿ ಉಡುಪಿ ಜಿಲ್ಲೆಯ ಬೈಂದೂರು ಕಡೆ ಎರಡನೇ ತರಗತಿಯ ಒಂದು ಹುಡುಗಿ ಶಾಲೆಯಿಂದ ಮನೆಗೆ ಬರುವಾಗ ಕಾಲುಸಂಕದಿಂದ (ಹಳ್ಳ ದಾಟುವ ಕಿರುಸೇತುವೆ) ಜಾರಿ ನೀರುಪಾಲಾದಳು. ಆಗ ಎಲ್ಲ ಪತ್ರಿಕೆಗಳೂ ಬರೆದವು, ನಾವೂ ಬರೆದೆವು. ಅಲ್ಲಿ ಶಾಲೆ ಯಾರೂ ವಿಲೀನ ಮಾಡಿರಲಿಲ್ಲ. ಇದ್ದ ದಾರಿಯೇ ಹಾಗಿತ್ತು. ಅಂಥ ದಾರಿಗಳಿರುವ ಊರಿನಲ್ಲಿ ದೂರ ಜಾಸ್ತಿ ಮಾಡುವವರು ಮೊದಲು ಮಳೆಗಾಲದಲ್ಲಿ ಒಮ್ಮೆ ಆ ದಾರಿಯಲ್ಲಿ ನಡೆದು ಬರಲಿ. ಜೀಪಿನಲ್ಲಿ ಬೇಡ.

ಬಸ್ಸಿದೆಯಲ್ಲ ಅಂತ ನೀವು ಅನ್ನಬಹುದು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಪುಕ್ಕಟೆ. ಒಳ್ಳೆಯದೇ. ಆದರೆ ಟಿಕೆಟ್ ಪುಕ್ಕಟೆ ಆಗಬೇಕಾದರೆ ಮೊದಲು ಬಸ್ ಬರಬೇಕು. ದಿನಕ್ಕೆ ಎರಡೇ ಟ್ರಿಪ್ ಇರುವ ಊರಿನಲ್ಲಿ ಬೆಳಗಿನ ಬಸ್ ಏಳೂವರೆಗೆ, ಸಂಜೆ ಬಸ್ ಆರಕ್ಕೆ. ಶಾಲೆ ಬಿಡುವುದು ನಾಲ್ಕೂಕಾಲಿಗೆ. ಉಳಿದ ಹೊತ್ತು ಆ ಮಗು ಬಸ್‌ಸ್ಟ್ಯಾಂಡಿನ ಬೀಡಾ ಅಂಗಡಿ ಪಕ್ಕ ಕೂತಿರಬೇಕು. ಗಂಡುಮಗು ಒಂದಷ್ಟು ದಿನ ಕೂತೀತು. ಹೆಣ್ಣುಮಗುವನ್ನು ಅಜ್ಜಿ ಒಂದು ವಾರ ನೋಡಿ, ‘ಸಾಕು ಬಾ, ಮನೇಲಿ ತಮ್ಮನ್ನ ನೋಡ್ಕೋ’ ಅನ್ನುತ್ತಾಳೆ. ಕಾಗದದಲ್ಲಿ ಆ ಹುಡುಗಿ ಇನ್ನೂ ಶಾಲೆಯಲ್ಲೇ ಇರುತ್ತಾಳೆ, ಅದು ಬೇರೆ ಮಾತು.

ನಿಮ್ಮೂರಲ್ಲಿ ಮಕ್ಕಳು 41ಕ್ಕೆ ಇಳಿದದ್ದು ಹೇಗೆ? ಇದನ್ನೂ ನೀವು ಬರೆಯಲಿಲ್ಲ. ನಾನು ಇಂಥ ಶಾಲೆಗಳಿಗೆ ಹೋಗುತ್ತಿರುತ್ತೇನೆ. ಕಳೆದ ವರ್ಷ ನೋಡಿದ ಒಂದು ಶಾಲೆಯಲ್ಲಿ ಮೇಷ್ಟ್ರು ಕಾಂಪೌಂಡ್ ಗೋಡೆ ಮೇಲೆ ಹತ್ತಿ ನಿಂತಿದ್ದರು, ಮೊಬೈಲ್ ಮೇಲಕ್ಕೆ ಹಿಡಿದುಕೊಂಡು. ಅಲ್ಲಿ ಮಾತ್ರ ಸಿಗ್ನಲ್ ಸಿಗುತ್ತದಂತೆ. ಇವತ್ತು ಎಷ್ಟು ಮಕ್ಕಳಿಗೆ ಮೊಟ್ಟೆ, ಎಷ್ಟು ಮಕ್ಕಳಿಗೆ ಬಾಳೆಹಣ್ಣು ಅಂತ ಕಳಿಸಬೇಕಿತ್ತು. ಒಳಗೆ ನಲಿಕಲಿ (ಆಡುತ್ತ ಕಲಿಯುವ ಪದ್ಧತಿ) ಕೋಣೆಯಲ್ಲಿ ಮೂರು ತರಗತಿಯ ಮಕ್ಕಳು ಕಾರ್ಡ್ ಹರಡಿಕೊಂಡು ತಮ್ಮಷ್ಟಕ್ಕೆ ಓದಿಕೊಳ್ಳುತ್ತಿದ್ದರು. ಒಂದು ಹುಡುಗಿ ಎದ್ದು ಬಂದು ಕಿಟಕಿಯಿಂದ ‘ಸಾ, ಹೋಯ್ತಾ?’ ಅಂತ ಕೇಳಿದಳು. ಇವರು ‘ಇಲ್ಲ ಕಣೇ, ಸುತ್ತುತಾ ಇದೆ’ ಅಂದರು. ಮೊಟ್ಟೆ ಲೆಕ್ಕ ಮುಗಿದರೆ ಹಾಲಿನ ಪುಡಿ ಲೆಕ್ಕ, ಅದಾದ ಮೇಲೆ ಮತದಾರರ ಪಟ್ಟಿ, ಗಣತಿ, ತರಬೇತಿ. ಇಷ್ಟರ ನಡುವೆ ಇವರ ಮೇಲೆ ಸಿಟ್ಟು, ‘ಪಾಠ ಮಾಡಲ್ಲ’ ಅಂತ.

ಆ ಮಕ್ಕಳು ತಾವಾಗಿ ಓದಿಕೊಳ್ಳುತ್ತಿದ್ದರು ಅನ್ನುವುದನ್ನು ಗಮನಿಸಿ. ನಲಿಕಲಿ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು 1995ರ ಸುಮಾರಿಗೆ, ಎಚ್.ಡಿ. ಕೋಟೆಯಲ್ಲಿ. ಕಾಡಂಚಿನ ಸಣ್ಣ ಶಾಲೆಗಳು, ಒಂದೇ ಕೋಣೆಯಲ್ಲಿ ಹಲವು ತರಗತಿ, ಒಬ್ಬರೇ ಮೇಷ್ಟ್ರು. ಅಂಥ ಕಡೆ ಹೇಗೆ ಕಲಿಸುವುದು ಅಂತ ಶಿಕ್ಷಕರೇ ಕೂತು ದಾರಿ ಮಾಡಿದರು, ಅದು ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿತು. ಸಣ್ಣ ಶಾಲೆ ಅಂದ ಕೂಡಲೇ ಕೆಟ್ಟ ಶಾಲೆ ಅಲ್ಲ ಸ್ವಾಮಿ. ಶಿಕ್ಷಣ ಹಕ್ಕು ಕಾಯ್ದೆಯೂ ಒಂದರಿಂದ ಐದನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಅಂದಿದೆಯೇ ಹೊರತು ಮಕ್ಕಳು ಕಡಿಮೆಯಾದರೆ ಬಾಗಿಲು ಹಾಕಿ ಅಂದಿಲ್ಲ.

ಆದರೆ ನಡೆಯುವುದೇ ಬೇರೆ. ಮಕ್ಕಳು ಸ್ವಲ್ಪ ಕಡಿಮೆಯಾದರೆ ಒಬ್ಬ ಮೇಷ್ಟ್ರನ್ನು ‘ಹೆಚ್ಚುವರಿ’ ಅಂತ ಬೇರೆ ಕಡೆ ಹಾಕುತ್ತಾರೆ. ಮೇಷ್ಟ್ರು ಹೋದರು ಅಂತ ಇನ್ನೊಂದಷ್ಟು ಮಕ್ಕಳು ಖಾಸಗಿ ಶಾಲೆಯ ವ್ಯಾನ್ ಹತ್ತುತ್ತಾರೆ. ವ್ಯಾನ್ ಹತ್ತಿದರು ಅಂತ ಶಾಲೆ ವಿಲೀನದ ಪಟ್ಟಿಗೆ ಬರುತ್ತದೆ. ಹುಲ್ಲು ಹಾಕದೆ ಕಟ್ಟಿಹಾಕಿ, ಹಾಲು ಕೊಡಲ್ಲ ಅಂತ ಹಸುವನ್ನು ಸಂತೆಗೆ ಹೊಡೆದ ಹಾಗೆ.

ಈ ಇಂಗ್ಲಿಷ್ ತರಗತಿಯ ವಿಷಯದಲ್ಲಂತೂ ನಿಮ್ಮ ಲೆಕ್ಕ ತಪ್ಪಿದೆ. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರುವಾದಾಗ ಕನ್ನಡದವರೆಲ್ಲ ಜಗಳ ಆಡಿದೆವು, ಅದು ಇನ್ನೊಂದು ದೊಡ್ಡ ಕಥೆ. ಆದರೆ ಒಂದು ಮಾತು ನಿಜ. ಎಷ್ಟೋ ಊರುಗಳಲ್ಲಿ ವ್ಯಾನ್ ಹತ್ತಬೇಕಿದ್ದ ಮಕ್ಕಳನ್ನು ಸರ್ಕಾರಿ ಶಾಲೆಯಲ್ಲಿ ಹಿಡಿದಿಟ್ಟದ್ದು ಆ ಒಂದು ತರಗತಿ. ಅದನ್ನು ಎತ್ತಿ ಆರು ಕಿಲೋಮೀಟರ್ ಆಚೆ ಇಟ್ಟರೆ ಆ ಮಕ್ಕಳೆಲ್ಲ ಅಲ್ಲಿಗೇ ಹೋಗುತ್ತಾರಾ? ಹೇಗೂ ದೂರ ಹೋಗಬೇಕಲ್ಲ, ಮನೆ ಬಾಗಿಲಿಗೆ ವ್ಯಾನ್ ಬರುತ್ತಲ್ಲ ಅಂತ ಸ್ವಲ್ಪ ಅನುಕೂಲ ಇರುವವರು ಖಾಸಗಿಗೆ ಹಾಕುತ್ತಾರೆ. ನಿಮ್ಮೂರ ಶಾಲೆಯಲ್ಲಿ ಉಳಿಯುವುದು ಏನೂ ಇಲ್ಲದವರ ಮಕ್ಕಳು, ಒಬ್ಬ ಮೇಷ್ಟ್ರು. ಮುಂದಿನ ವರ್ಷ ಅದಕ್ಕೂ ಬೀಗ. ಹಾಗಾಗಿ ತರಗತಿ ಸ್ಥಳಾಂತರ ಅನ್ನುವುದು ಸಣ್ಣ ವಿಷಯ ಅಂದುಕೊಳ್ಳಬೇಡಿ. ಎಲ್ಲ ಶುರುವಾಗುವುದೇ ಅಲ್ಲಿಂದ.

ಇದನ್ನು ಮಾಡಿ ನೋಡಿದ ದೇಶವೂ ಇದೆ. ಚೀನಾ 2001ರಿಂದ ಹಳ್ಳಿ ಶಾಲೆಗಳನ್ನು ಒಟ್ಟುಗೂಡಿಸುತ್ತ ಹೋಯಿತು. ಹತ್ತು ವರ್ಷದಲ್ಲಿ ಅಲ್ಲಿನ ಹಳ್ಳಿಗಳ ಪ್ರಾಥಮಿಕ ಶಾಲೆಗಳಲ್ಲಿ ಅರ್ಧದಷ್ಟು ಇಲ್ಲವಾದವು. ಸಣ್ಣ ಮಕ್ಕಳು ಹಾಸ್ಟೆಲ್ ಸೇರಿದರು, ಇಲ್ಲವೇ ಕಿಕ್ಕಿರಿದ ಗಾಡಿಗಳಲ್ಲಿ ಓಡಾಡಿದರು. 2011ರ ನವೆಂಬರ್‌ನಲ್ಲಿ ಗಾನ್ಸು ಪ್ರಾಂತ್ಯದಲ್ಲಿ ಒಂದು ಶಿಶುವಿಹಾರದ ವ್ಯಾನ್ ಲಾರಿಗೆ ಗುದ್ದಿತು. ಒಂಬತ್ತು ಸೀಟಿನ ವ್ಯಾನ್, ಒಳಗೆ 60ಕ್ಕೂ ಜಾಸ್ತಿ ಜನ. ದೇಶವೇ ಬೆಚ್ಚಿಬಿತ್ತು. ಮರುವರ್ಷ ಅಲ್ಲಿನ ಸರ್ಕಾರವೇ ಕಂಡಾಪಟ್ಟೆ ವಿಲೀನ ನಿಲ್ಲಿಸಿ ಅಂತ ಆದೇಶ ಮಾಡಿತು. ಜನರ ಮಾತಿಗೆ ಅಷ್ಟಾಗಿ ಕಿವಿಗೊಡದ ಸರ್ಕಾರ ಅದು, ಅದಕ್ಕೂ ಅರ್ಥವಾಯಿತು.

ಅಮೆರಿಕದಲ್ಲಿ ಯಾರೂ ಗಲಾಟೆ ಮಾಡಲ್ಲ ಅಂದಿರಾ? ನಿಮ್ಮಣ್ಣನಿಗೆ ಒಂದು ಫೋನ್ ಮಾಡಿ ಕೇಳಿ. ಅಲ್ಲಿ ಯಾವ ಬೀದಿಯ ಮಗು ಯಾವ ಶಾಲೆಗೆ ಅಂತ ಗಡಿ ಇರುತ್ತದೆ. ಆ ಗಡಿ ಒಂದು ಬೀದಿ ಆಚೀಚೆ ಆದರೂ ಪೋಷಕರು ಸಭೆಗಳಲ್ಲಿ ರಾತ್ರಿಯವರೆಗೆ ಕೂಗಾಡುತ್ತಾರೆ. ಒಳ್ಳೆಯ ಶಾಲೆಯ ಗಡಿಯೊಳಗೆ ಮನೆ ಬೆಲೆಯೇ ಜಾಸ್ತಿ. 1974ರಲ್ಲಿ ಬಾಸ್ಟನ್‌ನಲ್ಲಿ ನ್ಯಾಯಾಧೀಶ ಗ್ಯಾರಿಟಿ ಅವರು ಕಪ್ಪು ಮಕ್ಕಳನ್ನೂ ಬಿಳಿ ಮಕ್ಕಳನ್ನೂ ಬಸ್ಸಿನಲ್ಲಿ ಕಳಿಸಿ ಶಾಲೆಗಳನ್ನು ಬೆರೆಸಿ ಅಂದಾಗ ಬಸ್ಸಿಗೆ ಕಲ್ಲು ಬಿದ್ದವು. ಒಳಗಿದ್ದದ್ದು ಕಪ್ಪು ಮಕ್ಕಳು. ‘ನಮ್ಮ ಬೀದಿ ಶಾಲೆ ನಮಗಿರಲಿ’ ಅಂತ ಕೂಗಿದವರ ಮನಸ್ಸಿನಲ್ಲಿ ಇದ್ದದ್ದು ಬೀದಿಯ ಪ್ರೀತಿ ಮಾತ್ರ ಅಲ್ಲ. ಹತ್ತಿರದ ಶಾಲೆ ಅನ್ನುವ ವಾದವನ್ನು ಕೆಟ್ಟದ್ದಕ್ಕೂ ಬಳಸಬಹುದು, ಅದು ನನಗೂ ಗೊತ್ತು.

ಅದಕ್ಕೆ ಬಾಸ್ಟನ್‌ವರೆಗೆ ಯಾಕೆ ಹೋಗಬೇಕು, ನಮ್ಮಲ್ಲೇ ನೋಡಿ. ಖಾಸಗಿ ಶಾಲೆಯಲ್ಲಿ ಬಡ ಮಕ್ಕಳಿಗೆ ನೂರಕ್ಕೆ 25 ಸೀಟು ಅಂತ ಕಾಯ್ದೆ ಹೇಳಿತ್ತು. ಬೆಂಗಳೂರಿನಲ್ಲಿ ಅದಕ್ಕಾಗಿ ಒಂದು ವಾರ್ಡಿನಿಂದ ಪಕ್ಕದ ವಾರ್ಡಿಗೆ, ರಸ್ತೆ ದಾಟಿ ಬಾಡಿಗೆ ಮನೆ ಬದಲಿಸಿದವರನ್ನು ನಾನೇ ನೋಡಿದ್ದೇನೆ. 2019ರ ಜನವರಿಯಲ್ಲಿ ನಮ್ಮ ಸರ್ಕಾರ ನಿಯಮ ತಿದ್ದಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಆ ಸೀಟು ಇಲ್ಲ ಅಂದಿತು. ಹೈಕೋರ್ಟೂ ಆ ವರ್ಷ ಅದನ್ನು ಒಪ್ಪಿತು. ಮಹಾರಾಷ್ಟ್ರ 2024ರಲ್ಲಿ ಇಂಥದ್ದೇ ಮಾಡಲು ಹೋದಾಗ ಬಾಂಬೆ ಹೈಕೋರ್ಟ್ ಒಪ್ಪಲಿಲ್ಲ, ಅದಿರಲಿ. ನನ್ನ ತಕರಾರು ಇಷ್ಟೇ. ಅವತ್ತು ಬಡ ತಾಯಿಗೆ ‘ಹತ್ತಿರದಲ್ಲೇ ಸರ್ಕಾರಿ ಶಾಲೆ ಇದೆಯಲ್ಲಮ್ಮಾ, ಅಲ್ಲಿಗೆ ಹಾಕು’ ಅಂದರು. ಅವಳು ಹಾಕಿದಳು. ಈಗ ಆ ಹತ್ತಿರದ ಶಾಲೆಯನ್ನೇ ದೂರ ಒಯ್ಯುತ್ತೇವೆ ಅನ್ನುತ್ತಿದ್ದಾರೆ. ಅವಳು ಇನ್ನೆಲ್ಲಿಗೆ ಹೋಗಬೇಕು?

ಉತ್ತರ ಪ್ರದೇಶದಲ್ಲಿ 2025ರಲ್ಲಿ ಸಣ್ಣ ಶಾಲೆಗಳ ಜೋಡಣೆಗೆ ಹೊರಟಾಗ ಪೋಷಕರು ಕೋರ್ಟಿಗೆ ಹೋದರು, ಬೀದಿಗೂ ಇಳಿದರು. ಕೊನೆಗೆ ಅಲ್ಲಿನ ಸರ್ಕಾರ ಒಂದು ಕಿಲೋಮೀಟರಿಗಿಂತ ದೂರ ಇದ್ದರೆ ಜೋಡಿಸಲ್ಲ ಅನ್ನಬೇಕಾಯಿತು. ಅದೇ ರಾಜ್ಯದಲ್ಲಿ 2015ರಲ್ಲಿ ಅಲಹಾಬಾದ್ ಹೈಕೋರ್ಟ್ ಇನ್ನೊಂದು ಆದೇಶ ಮಾಡಿತ್ತು. ಸರ್ಕಾರಿ ಸಂಬಳ ತೆಗೆದುಕೊಳ್ಳುವವರು, ಜನಪ್ರತಿನಿಧಿಗಳು ತಮ್ಮ ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗೇ ಕಳಿಸಬೇಕು ಅಂತ. ಆ ಆದೇಶ ಯಾವ ಕಪಾಟಿನಲ್ಲಿ ಮಲಗಿದೆಯೋ. ಜಾರಿಯಾಗಿದ್ದರೆ ಇವತ್ತು ಕಾಲುಸಂಕಗಳೆಲ್ಲ ಕಾಂಕ್ರೀಟ್ ಸೇತುವೆ ಆಗಿರುತ್ತಿದ್ದವು.

ನಮ್ಮಲ್ಲೂ ಬೇರೆ ಥರ ಯೋಚಿಸಿದವರು ಇದ್ದರು. ನಿಮ್ಮ ಪಕ್ಕದ ಶೃಂಗೇರಿ ಕ್ಷೇತ್ರದಿಂದ ಬಂದ ಎಚ್.ಜಿ. ಗೋವಿಂದೇಗೌಡರು 1990ರ ದಶಕದಲ್ಲಿ ಶಿಕ್ಷಣ ಮಂತ್ರಿ ಆಗಿದ್ದಾಗ ಲಕ್ಷದಷ್ಟು ಶಿಕ್ಷಕರನ್ನು ನೇಮಿಸಿದರು. ಶಿಫಾರಸು ನಡೆಯಲಿಲ್ಲ, ಅಂಕ ನಡೆಯಿತು. ಮೇಷ್ಟ್ರಿಲ್ಲದ ಶಾಲೆಗೆ ಮೇಷ್ಟ್ರನ್ನು ಕಳಿಸಿದರು ಅವರು. ಈಗಿನವರು ಮೇಷ್ಟ್ರಿರುವ ಕಡೆಗೆ ಮಕ್ಕಳನ್ನು ಕಳಿಸುತ್ತೇವೆ ಅನ್ನುತ್ತಾರೆ, ಅದೂ ಮಕ್ಕಳ ಖರ್ಚಿನಲ್ಲಿ. ಖಾಲಿ ಹುದ್ದೆ ತುಂಬುವುದಿಲ್ಲ, ಅತಿಥಿ ಶಿಕ್ಷಕರ ಗೌರವಧನ ತಿಂಗಳುಗಟ್ಟಲೆ ಬರುವುದಿಲ್ಲ, ಶೌಚಾಲಯಕ್ಕೆ ನೀರಿಲ್ಲ. ಆಸ್ಪತ್ರೆ ತಾಲ್ಲೂಕಿಗೆ, ಬ್ಯಾಂಕ್ ಹೋಬಳಿಗೆ, ಪೋಸ್ಟಾಫೀಸಿಗೆ ವಾರಕ್ಕೆರಡು ದಿನ ಮಾತ್ರ ಜನ. ಹಳ್ಳಿಯಲ್ಲಿ ಸರ್ಕಾರದ್ದು ಅಂತ ಉಳಿದಿರುವುದು ಶಾಲೆಯೊಂದೇ, ಅದನ್ನೂ ಗಂಟು ಕಟ್ಟಿ ಒಯ್ಯುತ್ತಿದ್ದಾರೆ. ಆಮೇಲೆ ವೇದಿಕೆ ಹತ್ತಿ ‘ಯುವಕರು ಊರು ಬಿಡುತ್ತಿದ್ದಾರೆ’ ಅಂತ ಕಣ್ಣೀರು ಹಾಕುತ್ತಾರೆ. ನೋಡಿ, ಎಲ್ಲಿಂದ ಎಲ್ಲಿಗೋ ಬಂದೆ.

ನೀವು ಕೇಳಿದ್ದು ಸಹಿ ಹಾಕಲಾ ಬೇಡವಾ ಅಂತ. ಈಗಿರುವ ನಿರ್ಣಯಕ್ಕೆ ಹಾಕಬೇಡಿ. ಸಂಜೆ ಏಳಕ್ಕೆ ಇಲ್ಲವೇ ಭಾನುವಾರ ಸಭೆ ಮತ್ತೆ ಕರೆಸಿ, ಕೂಲಿಗೆ ಹೋಗುವ ತಾಯಂದಿರು ಬರುವ ಹಾಗೆ. ಒಂದರಿಂದ ಐದು ಊರಲ್ಲೇ ಇರಲಿ, ಇಂಗ್ಲಿಷ್ ತರಗತಿಯೂ ಸೇರಿ. ಬೇಕಾದರೆ ಪಬ್ಲಿಕ್ ಶಾಲೆಯ ಇಂಗ್ಲಿಷ್ ಟೀಚರ್ ವಾರಕ್ಕೆ ಮೂರು ದಿನ ಇಲ್ಲಿಗೆ ಬರಲಿ, ದೊಡ್ಡವರಿಗೆ ಆರು ಕಿಲೋಮೀಟರ್ ಕಷ್ಟ ಅಲ್ವಲ್ಲ. ಆರನೇ ತರಗತಿಯಿಂದ ಮೇಲಿನವರು ಹೋಗಲಿ, ಆದರೆ ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ ಬಸ್ ಓಡಲು ಶುರುವಾದ ಮೇಲೆ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯವರು ‘ನೋಡೋಣ’ ಅಂದರೆ ಬರಹದಲ್ಲಿ ಕೇಳಿ. ಹಾಗೆ ಬರೆದ ನಿರ್ಣಯಕ್ಕೆ ನೀವೇ ಮೊದಲು ಸಹಿ ಹಾಕಿ, ಮಾತು ಬಲ್ಲವರು ನೀವು, ನಿಮ್ಮ ಹಿಂದೆ ಜನ ಬರುತ್ತಾರೆ. ಸಭೆಯ ನಡಾವಳಿಯ ನಕಲು ಇಟ್ಟುಕೊಳ್ಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿ. ಸಿಕ್ಕಿದ್ದನ್ನು ನಮಗೂ ಒಂದು ಪ್ರತಿ ಕಳಿಸಿ, ಜಾಗ ಇಟ್ಟಿರುತ್ತೇನೆ.