ಉತ್ತರ: ಕಸೂತಿ ಚಿತ್ರದ ಪುಸ್ತಕ, ಎರಡನೇ ಬಣ್ಣ ಜರುಗುವುದು

ಬಾಗಲಕೋಟೆಯಿಂದ ಕೇಳಿದ್ದೀರಿ: ಅಜ್ಜಿ ಕಥೆಯ 24 ಪುಟದ ಪುಸ್ತಕ, 50 ಪ್ರತಿ, ಕೈಕಾಗದದ ಮೇಲೆ ಸ್ಕ್ರೀನ್ ಪ್ರಿಂಟ್ (ಜಾಲರಿಯ ಮೂಲಕ ಬಣ್ಣ ಒತ್ತುವ ಅಚ್ಚು), ಕೆಂಪು ಸರಿ ಕೂತರೂ ಮೇಲಿನ ಕಪ್ಪು ಪ್ರತಿ ಹಾಳೆಯಲ್ಲೂ ಬೇರೆ ಬೇರೆ ಕಡೆ ಜರುಗುತ್ತದೆ, ಮಡಿಕೆಯಲ್ಲಿ ಬಣ್ಣ ಬಿರಿಯುತ್ತದೆ.

ತಪ್ಪು ಸ್ಕ್ರೀನಿನದಲ್ಲ, ಕಾಗದದ ಅಂಚಿನದು. ಕೈಕಾಗದದ ಅಂಚು ನೇರ ಇರುವುದಿಲ್ಲ. ಅಚ್ಚಿಗೆ ಮೊದಲೇ ಪಕ್ಕಪಕ್ಕದ ಎರಡು ಅಂಚು ಲಂಬಕೋನಕ್ಕೆ ಕತ್ತರಿಸಿ, ಮೂಲೆಗೆ ಪೆನ್ಸಿಲ್ ಗುರುತು ಹಾಕಿ. ಮೇಜಿಗೆ ಮೂರು ತಡೆಪಟ್ಟಿ ಅಂಟಿಸಿ: ಉದ್ದದ ಬದಿಗೆ ಎರಡು, ಅಗಲಕ್ಕೆ ಒಂದು. ಎಲ್ಲ ಬಣ್ಣಕ್ಕೂ ಗುರುತಿನ ಅದೇ ಮೂಲೆ ಪಟ್ಟಿಗಳಿಗೆ ತಾಗಲಿ. ನೀರಿನ ಬಣ್ಣ ಕುಡಿದ ಹಾಳೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಆದ್ದರಿಂದ ಕೆಂಪು ಪೂರ್ತಿ ಒಣಗಿದ ಮೇಲೆಯೇ ಕಪ್ಪು. ಹಾಳೆಗಳನ್ನು ಒಂದು ದಿನ ಮೊದಲೇ ಅಚ್ಚಿನ ಕೋಣೆಯಲ್ಲಿ ಹರಡಿಡಿ. ಬಾಗಲಕೋಟೆಯ ಬೇಸಿಗೆಯಲ್ಲಿ ಬಣ್ಣ ಜಾಲರಿಯಲ್ಲೇ ಗಟ್ಟಿಯಾಗುತ್ತದೆ, ಬೆಳಗಿನ ಹೊತ್ತೇ ಲೇಸು. ಎಷ್ಟೇ ಜಾಣತನ ಮಾಡಿದರೂ ಕೂದಲೆಳೆ ವ್ಯತ್ಯಾಸ ಉಳಿಯುತ್ತದೆ, ಅದಕ್ಕೇ ಕಪ್ಪು ಗೆರೆ ಕೆಂಪಿನ ಮೇಲೆ ಅರ್ಧ ಮಿಲಿಮೀಟರ್ ಹತ್ತುವಂತೆ ಬರೆಯಿರಿ.

ಚಿತ್ರವನ್ನು ಕೈಬೀಸಿ ಬರೆಯಬೇಡಿ. ಕಸೂತಿ ಎಳೆ ಎಣಿಸಿ ಹಾಕುವ ಕೆಲಸ. ಅದರ ಹೊಲಿಗೆಗಳಲ್ಲಿ ಗವಂತಿ ನೇರ ಗೆರೆ, ಮುರ್ಗಿ ಮೆಟ್ಟಿಲು ಗೆರೆ. ಗ್ರಾಫ್ ಹಾಳೆಯಲ್ಲಿ 2 ಮಿ.ಮೀ. ಚೌಕಕ್ಕೊಂದು ಹೊಲಿಗೆ ಎಂದು ಹಾಕಿದರೆ ಗೋಪುರ, ಆನೆ ಇಳಕಲ್ ಸೀರೆಯ ಮೇಲಿದ್ದಂತೆಯೇ ಕಾಣುತ್ತವೆ. ದುಂಡಗೆ ತಿದ್ದಿದರೆ ಕಸೂತಿಯ ಕಳೆಯೇ ಹೋಯಿತು.

ಮಡಿಕೆಯ ಎರಡೂ ಬದಿ 6 ಮಿ.ಮೀ. ಬಣ್ಣವಿಲ್ಲದೆ ಬಿಡಿ. ಪ್ರತಿಗೆ ಆರು ಹಾಳೆ, ಎರಡೆರಡು ಮಡಿಸಿ ಮೂರು ಕಟ್ಟು; ಹೊಲಿಗೆಗೆ ಐದು ತೂತು, ಮೇಣ ಹಚ್ಚಿದ ನೂಲು. ಒಟ್ಟು 300 ಹಾಳೆ ಬೇಕು, 350 ತರಿಸಿ.